ಅರವತ್ತನಾಲ್ಕರ ಮೋಹ: ಸ್ವೀಡನ್ನಿನ ದೊರೆಯಿಂದ ಸಿರಿಭೂವಲಯದವರೆಗೆ

(ಕಿಸ್ಟಾದ ಕನ್ನಡ ಕುಟುಂಬಗಳ ಕೂಟಕ್ಕಾಗಿ ಸಿದ್ಧಪಡಿಸಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಇಂದಿನ ವಿಷಯ ಗಣಿತದ್ದು ಎಂದ ಕೂಡಲೆ ಕೆಲವರ ಮುಖದಲ್ಲಿ ಶಾಲೆಯ ದಿನಗಳ ಭೀತಿ ಮರುಕಳಿಸುವುದು ಸಹಜ. ಆದರೆ ನಾನು ಹೇಳಹೊರಟಿರುವುದು ಲೆಕ್ಕವಲ್ಲ, ಲೆಕ್ಕದ ಇತಿಹಾಸ. ಅದರಲ್ಲಿ ಒಬ್ಬ ಯುದ್ಧಪ್ರಿಯ ದೊರೆಯಿದ್ದಾನೆ, ಒಬ್ಬ ತರುಣ ವಿದ್ವಾಂಸನಿದ್ದಾನೆ, ರಾಷ್ಟ್ರಕೂಟರ ಕಾಲದ ಒಬ್ಬ ಗಣಿತಾಚಾರ್ಯನಿದ್ದಾನೆ, ಅಂಕಿಗಳಲ್ಲೇ ಕಾವ್ಯ ಬರೆದ ಒಬ್ಬ ಮುನಿಯೂ ಇದ್ದಾನೆ. ಇವರಲ್ಲಿ ಇಬ್ಬರು ನಾವು ವಾಸಿಸುವ ಈ ದೇಶದವರು, ಇನ್ನಿಬ್ಬರು ನಾವು ಬಿಟ್ಟುಬಂದ ನಾಡಿನವರು. ಇವರೆಲ್ಲರನ್ನೂ ಒಂದೇ ಪ್ರಶ್ನೆಯ ಸುತ್ತ ಕೂರಿಸಬಹುದು. ಸಂಖ್ಯೆಯನ್ನು ಬರೆಯುವ ಕ್ರಮ ಬದಲಾದರೆ ಸಂಖ್ಯೆಯಲ್ಲಿ ಏನು ಬದಲಾಗುತ್ತದೆ, ಏನು ಉಳಿಯುತ್ತದೆ?

ಕಿಸ್ಟಾದಿಂದ ನೀಲಿ ಮಾರ್ಗದ ಸುರಂಗ ರೈಲನ್ನೇರಿ ಕೊನೆಯ ನಿಲ್ದಾಣವಾದ ಕುಂಗ್ಸ್‌ಟ್ರೇಡ್‌ಗೋರ್ಡನ್‌ನಲ್ಲಿ ಇಳಿದು ಮೇಲೆ ಬಂದರೆ, ಉದ್ಯಾನದಲ್ಲಿ ಹನ್ನೆರಡನೆಯ ಕಾರ್ಲ್ ದೊರೆಯ ಪ್ರತಿಮೆ ಕಾಣಿಸುತ್ತದೆ. ಅದನ್ನು 1868ರಲ್ಲಿ ಸ್ಥಾಪಿಸಲಾಯಿತು. ಶಾಲೆಯ ಪುಸ್ತಕಗಳು ಈ ದೊರೆಯನ್ನು ಯುದ್ಧಗಳಿಂದ ಗುರುತಿಸುತ್ತವೆ. 1709ರಲ್ಲಿ ಪೊಲ್ತಾವಾದಲ್ಲಿ ರಷ್ಯನ್ನರ ಎದುರು ಸೋತು, ಕೆಲವು ವರ್ಷಗಳನ್ನು ತುರ್ಕರ ಆಶ್ರಯದಲ್ಲಿ ಕಳೆದು ಹಿಂತಿರುಗಿದವನು ಇವನೇ. ಆದರೆ ಇವನಿಗೆ ಇನ್ನೊಂದು ಹುಚ್ಚಿತ್ತು. ಅದು ಸಂಖ್ಯೆಗಳ ಹುಚ್ಚು.

ದೊರೆ ಮತ್ತು ವಿದ್ವಾಂಸ

1716ರಿಂದ 1718ರವರೆಗೆ ಕಾರ್ಲ್ ದೊರೆ ದಕ್ಷಿಣದ ಲುಂಡ್ ಪಟ್ಟಣದಲ್ಲಿ ಬೀಡುಬಿಟ್ಟಿದ್ದನು. ಆ ದಿನಗಳಲ್ಲಿ ಅವನ ಸಂಪರ್ಕಕ್ಕೆ ಬಂದವನು ಎಮಾನುಯೆಲ್ ಸ್ವೀಡನ್‌ಬೋರ್ಗ್. ಮುಂದೆ ಅಧ್ಯಾತ್ಮ ಚಿಂತಕನೆಂದು ಲೋಕಪ್ರಸಿದ್ಧನಾದ ಈತ 1688ರಲ್ಲಿ ಸ್ಟಾಕ್‌ಹೋಮಿನಲ್ಲಿ ಹುಟ್ಟಿದವನು. ಆಗಿನ್ನೂ ಮೂವತ್ತರ ಆಸುಪಾಸಿನ ತರುಣ. ಸ್ವೀಡನ್ನಿನ ಮೊದಲ ವೈಜ್ಞಾನಿಕ ಪತ್ರಿಕೆಯೆನಿಸಿದ 'ಡೇಡಲಸ್ ಹೈಪರ್‌ಬೋರಿಯಸ್' ಅನ್ನು ಹೊರತರುತ್ತಿದ್ದ ಇವನನ್ನು ದೊರೆ ಗಣಿ ಇಲಾಖೆಯ ಹುದ್ದೆಯೊಂದಕ್ಕೆ ನೇಮಿಸಿದ್ದನು.

ಇಬ್ಬರ ಮಾತುಕತೆ ಎಣಿಕೆಯ ಕ್ರಮದತ್ತ ತಿರುಗಿತು. ಮನುಷ್ಯರು ಹತ್ತರ ಗುಂಪುಗಳಲ್ಲಿ ಎಣಿಸುವುದು ಕೈಗೆ ಹತ್ತು ಬೆರಳುಗಳಿವೆ ಎಂಬ ಕಾರಣಕ್ಕೇ ಹೊರತು ಹತ್ತರಲ್ಲಿ ವಿಶೇಷ ಗುಣವಿದೆ ಎಂದಲ್ಲ ಎಂಬುದು ದೊರೆಯ ವಾದ. ಹತ್ತನ್ನು ಒಮ್ಮೆ ಅರ್ಧ ಮಾಡಿದರೆ ಐದು. ಮತ್ತೊಮ್ಮೆ ಅರ್ಧ ಮಾಡಹೋದರೆ ಭಿನ್ನರಾಶಿಯ ಕಾಟ ಆರಂಭವಾಗುತ್ತದೆ. ಹತ್ತು ವರ್ಗವೂ ಅಲ್ಲ, ಘನವೂ ಅಲ್ಲ. ಅರವತ್ತನಾಲ್ಕನ್ನು ನೋಡಿ. ಅದು ಎಂಟರ ವರ್ಗ, ನಾಲ್ಕರ ಘನ. ಅರ್ಧ ಮಾಡುತ್ತ ಹೋದರೆ 32, 16, 8, 4, 2 ಎಂದು ಇಳಿದು ಕೊನೆಗೆ ಒಂದಕ್ಕೆ ಬಂದು ನಿಲ್ಲುತ್ತದೆ. ನಡುವೆ ಎಲ್ಲಿಯೂ ಒಡೆಯುವುದಿಲ್ಲ. ಆದ್ದರಿಂದ ಎಣಿಕೆಗೆ ಅರವತ್ತನಾಲ್ಕೇ ತಳಹದಿಯಾಗಲಿ ಎಂದನು ದೊರೆ. ಹೊಸ ಅಂಕಿಗಳಿಗೆ ಚಿಹ್ನೆಗಳನ್ನೂ ಹೆಸರುಗಳನ್ನೂ ತಾನೇ ಕಲ್ಪಿಸಿದನು.

ಇಲ್ಲಿ ತಳಹದಿ ಎಂದರೇನೆಂದು ಒಂದು ಮಾತಿನಲ್ಲಿ ಹೇಳಬೇಕು. ನಮ್ಮ ದಶಮಾನದಲ್ಲಿ 123 ಎಂದು ಬರೆದರೆ ಬಲತುದಿಯದು ಬಿಡಿ, ನಡುವಿನದು ಹತ್ತು, ಎಡತುದಿಯದು ನೂರು; ಪ್ರತಿ ಸ್ಥಾನದ ಬೆಲೆ ಬಲಗಡೆಯದರ ಹತ್ತರಷ್ಟು. ಅಷ್ಟಮಾನದಲ್ಲಿ ಇದೇ ಬರಹ ಬಿಡಿ, ಎಂಟು, ಅರವತ್ತನಾಲ್ಕು ಎಂದಾಗುತ್ತದೆ. ಅಲ್ಲಿ 123 ಎಂದರೆ ಒಂದು ಅರವತ್ತನಾಲ್ಕು, ಎರಡು ಎಂಟು, ಮೂರು ಬಿಡಿ. ನಮ್ಮ ಲೆಕ್ಕದಲ್ಲಿ 83. ಅಷ್ಟಮಾನಕ್ಕೆ ಸೊನ್ನೆಯಿಂದ ಏಳರವರೆಗಿನ ಎಂಟು ಅಂಕಿಗಳು ಸಾಕು. 64ರ ಮಾನಕ್ಕೆ ಅರವತ್ತನಾಲ್ಕು ಅಂಕಿಗಳೇ ಬೇಕು.

ಸ್ವೀಡನ್‌ಬೋರ್ಗ್‌ಗೆ ತೊಡಕು ಕಂಡದ್ದು ಇಲ್ಲೇ. ದೊರೆಯಷ್ಟು ಬುದ್ಧಿಯಿಲ್ಲದ ಸಾಮಾನ್ಯರಿಗೆ ಇಷ್ಟು ದೊಡ್ಡ ತಳಹದಿ ಕಷ್ಟವಾದೀತು ಎಂದು ಅವನು ನಯವಾಗಿ ಅರಿಕೆ ಮಾಡಿಕೊಂಡನು. ಅರವತ್ತನಾಲ್ಕರ ಮಗ್ಗಿಯ ಕೋಷ್ಟಕದಲ್ಲಿ 4096 ಮನೆಗಳಿರುತ್ತವೆ ಎಂದರೆ ಆ ಅರಿಕೆಯ ತೂಕ ತಿಳಿದೀತು. ಬದಲಿಗೆ ಎಂಟನ್ನು ತಳಹದಿಯಾಗಿ ಸೂಚಿಸಿ, 1718ರಲ್ಲಿ ಅದನ್ನು ವಿವರಿಸುವ ಹಸ್ತಪ್ರತಿಯೊಂದನ್ನು ರಚಿಸಿದನು. ಅವನ ಕಾಲದಲ್ಲಿ ಅದು ಅಚ್ಚಾಗಲಿಲ್ಲ.

ಈ ಹಸ್ತಪ್ರತಿಯಲ್ಲಿ ಕನ್ನಡಿಗರ ಕಿವಿ ನಿಮಿರುವಂತಹ ಸಂಗತಿಯೊಂದಿದೆ. ಅವನು ಅಂಕಿಗಳನ್ನು ಅಕ್ಷರಗಳಿಂದ ಸೂಚಿಸಿದನು. ಒಂದಕ್ಕೆ ಲ್, ಎರಡಕ್ಕೆ ಸ್, ಮೂರಕ್ಕೆ ನ್, ನಾಲ್ಕಕ್ಕೆ ಮ್, ಐದಕ್ಕೆ ಟ್, ಆರಕ್ಕೆ ಫ್, ಏಳಕ್ಕೆ ವ್, ಸೊನ್ನೆಗೆ 'ಒ' ಸ್ವರ. ಹೀಗಾಗಿ ಎಂಟು 'ಲೊ' ಆಯಿತು, ಹದಿನಾರು 'ಸೊ', ಇಪ್ಪತ್ತನಾಲ್ಕು 'ನೊ'. ವ್ಯಂಜನಗಳು ಒಟ್ಟಾಗಿ ಬಂದಾಗ ಉಚ್ಚಾರಣೆಗೆ ನಡುವೆ ಸ್ವರ ಸೇರಿಸಿಕೊಳ್ಳಬೇಕು. ಇದನ್ನು ಕೇಳಿದರೆ ನಮಗೆ ಕಟಪಯಾದಿ ನೆನಪಾಗದೆ ಇರಲಾರದು. ಅಲ್ಲಿಯೂ ವ್ಯಂಜನಕ್ಕೆ ಅಂಕಿಯ ಬೆಲೆ. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ಮಕ್ಕಳು ಸಂಗೀತ ಪಾಠದಲ್ಲಿ ಮೊದಲು ಕಲಿಯುವ ಮಾಯಾಮಾಳವಗೌಳದ 'ಮಾ' ಐದು, 'ಯಾ' ಒಂದು. ತಿರುಗಿಸಿದರೆ ಹದಿನೈದು, ಅದು ಹದಿನೈದನೆಯ ಮೇಳಕರ್ತ. ಮೇಚಕಲ್ಯಾಣಿಯ 'ಮೇ' ಐದು, 'ಚ' ಆರು, ಅದು ಅರವತ್ತೈದನೆಯದು. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತರೆಂದು ಹೇಳಲು ಆಧಾರವಿಲ್ಲ. ಅಂಕಿಯನ್ನು ನಾಲಿಗೆಯ ಮೇಲೆ ಕೂರಿಸಬೇಕೆಂಬ ಬಯಕೆ ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿರಬಹುದು.

ದೊರೆಯ ಯೋಜನೆ ಜಾರಿಗೆ ಬರಲಿಲ್ಲ. 1718ರ ನವೆಂಬರ್ 30ರಂದು, ಸ್ವೀಡನ್ನಿನ ಅಂದಿನ ಪಂಚಾಂಗದ ಪ್ರಕಾರ, ನಾರ್ವೆಯ ಫ್ರೆಡ್ರಿಕ್‌ಸ್ಟೆನ್ ಕೋಟೆಯ ಮುತ್ತಿಗೆಯಲ್ಲಿ ತಲೆಗೆ ಗುಂಡು ತಗುಲಿ ಕಾರ್ಲ್ ಮಡಿದನು. ಅವನಿಗೆ ಆಗ 36 ವರ್ಷ. ಮರುವರ್ಷ, 1719ರಲ್ಲಿ, ಸ್ವೀಡನ್‌ಬೋರ್ಗ್ ಇನ್ನೊಂದು ಪುಸ್ತಿಕೆ ಪ್ರಕಟಿಸಿದನು. ಅದರಲ್ಲಿ ಅವನ ಸಲಹೆ ಪೂರ್ತಿ ತಿರುಗಿತ್ತು. ಎಣಿಕೆ ಹತ್ತರಲ್ಲೇ ಇರಲಿ, ನಾಣ್ಯವನ್ನೂ ಅಳತೆಯನ್ನೂ ಹತ್ತರ ಪಾಲುಗಳಾಗಿ ವಿಂಗಡಿಸೋಣ, ಭಿನ್ನರಾಶಿಗಳ ಕಾಟ ತಪ್ಪಲಿ ಎಂಬುದು ಅದರ ಸಾರ. ಅಂಕಿಯನ್ನು ಅಳತೆಗೆ ಒಗ್ಗಿಸಲು ಆಗದಿದ್ದಾಗ ಅಳತೆಯನ್ನು ಅಂಕಿಗೆ ಒಗ್ಗಿಸಹೊರಟನು. ಸ್ವೀಡನ್ ಆ ದಾರಿಗೆ ಬಂದದ್ದು 1855ರಲ್ಲಿ, ರಿಕ್ಸ್‌ಡಾಲರನ್ನು ನೂರು ಓರೆಗಳಾಗಿ ವಿಂಗಡಿಸಿದಾಗ. ಕ್ರೋನಾ ಬಂದದ್ದು 1873ರಲ್ಲಿ.

ನಮ್ಮ ಅಜ್ಜಿಯರ ಅರವತ್ತನಾಲ್ಕು

ದೊರೆಯ ಅರವತ್ತನಾಲ್ಕು ಕೇವಲ ಹುಚ್ಚೇ ಎಂದು ಕೇಳಿದರೆ ನಮ್ಮ ಅಜ್ಜಿಯರು ಇಲ್ಲವೆನ್ನುತ್ತಿದ್ದರು. ಅಂದಿನ ಸ್ವೀಡನ್ನಿನಲ್ಲಿ ಎಂಟು ಓರೆಗೆ ಒಂದು ಮಾರ್ಕ್, ನಾಲ್ಕು ಮಾರ್ಕಿಗೆ ಒಂದು ಡಾಲರ್. ನಮ್ಮಲ್ಲಿ ನಾಲ್ಕು ಪೈಸೆಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ. ಗುಣಿಸಿ ನೋಡಿದರೆ ರೂಪಾಯಿಗೆ ಸರಿಯಾಗಿ ಅರವತ್ತನಾಲ್ಕು ಪೈಸೆ! ಹಳೆಯ ಕನ್ನಡ ಲೆಕ್ಕದಲ್ಲಿ ಕಾಲಿನ ಕಾಲು ಭಾಗ ವೀಸ, ಅಂದರೆ ಹದಿನಾರರಲ್ಲೊಂದು ಪಾಲು. ವೀಸದ ಕಾಲು ಭಾಗ ಕಾಣಿ, ಅಂದರೆ ಅರವತ್ತನಾಲ್ಕರಲ್ಲೊಂದು ಪಾಲು. ಎಣಿಸುವಾಗ ಹತ್ತು, ಹಂಚುವಾಗ ಎರಡು ಮತ್ತು ನಾಲ್ಕು; ಹೀಗೆ ಎರಡು ಪದ್ಧತಿಗಳನ್ನು ಒಂದೇ ತಲೆಯಲ್ಲಿ ಇಟ್ಟುಕೊಂಡು ಸಂತೆ ಮಾಡಿದವರು ನಮ್ಮ ಹಿರಿಯರು.

ಇದಕ್ಕೆ ಕಾರಣ ಸರಳ. ಬೆಲ್ಲದ ಅಚ್ಚನ್ನಾಗಲಿ, ಅಡಕೆಯ ರಾಶಿಯನ್ನಾಗಲಿ ಐದು ಸಮಪಾಲು ಮಾಡುವುದು ಕಷ್ಟ. ಎರಡು ಮಾಡುವುದು ಸುಲಭ. ಎರಡನ್ನು ಮತ್ತೆ ಎರಡು ಮಾಡಿದರೆ ಕಾಲು, ಇನ್ನೊಮ್ಮೆ ಮಾಡಿದರೆ ಅರೆಕಾಲು. ತಕ್ಕಡಿ ಕೇಳುವುದೂ ಇಷ್ಟನ್ನೇ. ದಶಮಾನದಲ್ಲಿ ಒಂದು ಕಾಣಿಯನ್ನು ಬರೆಯಬೇಕಾದರೆ 0.015625 ಎಂದು ಬಿಂದುವಿನ ಬಲಕ್ಕೆ ಆರು ಅಂಕಿಗಳು ಬೇಕು. ಸ್ವೀಡನ್‌ಬೋರ್ಗನ ಅಷ್ಟಮಾನದಲ್ಲಿ ಅದು ಕೇವಲ 0.01.

ಭಾರತದಲ್ಲಿ 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯೇ ಪೈಸೆಗಳಾದವು. ಒಂದಾಣೆಯ ಬೆಲೆ ಆರೂಕಾಲು ನಯೇ ಪೈಸೆ ಎಂಬ ತೊಡಕಿನ ಸಂಖ್ಯೆಯಾಯಿತು. ಆದರೂ ಇಪ್ಪತ್ತೈದು ಪೈಸೆಯನ್ನು ನಾಲ್ಕಾಣೆಯೆಂದೂ ಐವತ್ತು ಪೈಸೆಯನ್ನು ಎಂಟಾಣೆಯೆಂದೂ ಜನ ಕರೆಯುತ್ತಲೇ ಬಂದರು. ನಾಲ್ಕಾಣೆಯ ನಾಣ್ಯ 2011ರ ಜೂನ್ 30ರಂದು ಚಲಾವಣೆಯಿಂದ ಹೊರಟುಹೋಯಿತು. ಸ್ವೀಡನ್ನಿನ ಕೊನೆಯ ಓರೆ ನಾಣ್ಯವಾದ ಐವತ್ತು ಓರೆ ಅದಕ್ಕೂ ಒಂಬತ್ತು ತಿಂಗಳು ಮೊದಲು, 2010ರ ಸೆಪ್ಟೆಂಬರ್ ಕೊನೆಗೆ, ಇಲ್ಲಿ ಕಣ್ಮರೆಯಾಗಿತ್ತು. ನಾಣ್ಯ ಹೋದರೂ 'ಹದಿನಾರಾಣೆ ಸತ್ಯ' ಎಂಬ ಮಾತು ನಮ್ಮಲ್ಲಿ ಉಳಿದಿದೆ. ಭಾಷೆಯ ನೆನಪು ಟಂಕಸಾಲೆಯ ನೆನಪಿಗಿಂತ ದೀರ್ಘವಾದುದು.

ಮಹಾವೀರಾಚಾರ್ಯನ ಕಂಠಾಭರಣಗಳು

ಈಗ ಪ್ರಶ್ನೆಯ ಹೃದಯಕ್ಕೆ ಬರೋಣ. ಇದಕ್ಕೆ ಕನ್ನಡ ನಾಡಿನ ಮಹಾವೀರಾಚಾರ್ಯನಿಗಿಂತ ಉತ್ತಮ ಗುರು ನಮಗೆ ಸಿಗಲಾರ. ಕ್ರಿ.ಶ. 850ರ ಸುಮಾರಿಗೆ, ಕವಿರಾಜಮಾರ್ಗದ ಕಾಲದ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಈತ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದ ಈ ಗ್ರಂಥ 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು.

ಗುಣಾಕಾರವನ್ನು ಕಲಿಸುವಾಗ ಆಚಾರ್ಯನು ಒಣ ಉದಾಹರಣೆಗಳನ್ನು ಕೊಡುವುದಿಲ್ಲ. ಗುಣಲಬ್ಧವು ಕೊರಳಿನ ಹಾರದಂತೆ ಎರಡು ಕಡೆಯಿಂದಲೂ ಒಂದೇ ಆಗಿ ಕಾಣುವ ಸಂಖ್ಯೆಗಳನ್ನು ಆರಿಸುತ್ತಾನೆ. 152207ನ್ನು 73ರಿಂದ ಗುಣಿಸಿದರೆ 11111111. 142857143ನ್ನು 7ರಿಂದ ಗುಣಿಸಿದರೆ 1000000001. 27994681ನ್ನು 441ರಿಂದ ಗುಣಿಸಿದರೆ 12345654321. ಲೆಕ್ಕ ಮುಗಿಸಿದ ವಿದ್ಯಾರ್ಥಿಗೆ ಉತ್ತರ ಸರಿಯೆಂದು ಗುರು ಹೇಳಬೇಕಾಗಿಲ್ಲ, ಹಾರವೇ ಹೇಳುತ್ತದೆ.

ಈ ಹಾರಗಳನ್ನು ಸ್ವೀಡನ್‌ಬೋರ್ಗನ ಅಷ್ಟಮಾನಕ್ಕೆ ಒಯ್ದರೆ ಏನಾಗುತ್ತದೆ? ಮೊದಲು 12345654321. ಇದು 111111ರ ವರ್ಗ. ಆರು ಒಂದುಗಳ ಸಾಲನ್ನು ಅದೇ ಸಾಲಿನಿಂದ ಗುಣಿಸಿ, ಒಂದೊಂದು ಸ್ಥಾನ ಸರಿಸಿ ಬರೆದು ಕೂಡಿದರೆ, ಅಂಚಿನ ಕಂಬದಲ್ಲಿ ಒಂದು, ಮುಂದಿನದರಲ್ಲಿ ಎರಡು, ನಡುವೆ ಆರು, ಬಳಿಕ ಇಳಿಕೆ. ಎಲ್ಲಿಯೂ ದಶಕವಿಲ್ಲ. ದಶಕ ಬಾರದಿದ್ದರೆ ತಳಹದಿ ಯಾವುದೆಂಬ ಪ್ರಶ್ನೆಯೇ ಏಳುವುದಿಲ್ಲ. ಆದ್ದರಿಂದ ಏಳು ಅಥವಾ ಅದಕ್ಕಿಂತ ದೊಡ್ಡದಾದ ಯಾವುದೇ ತಳಹದಿಯಲ್ಲಿ 111111ರ ವರ್ಗ 12345654321 ಎಂದೇ ಬರೆಯಲ್ಪಡುತ್ತದೆ. ಅಷ್ಟಮಾನದಲ್ಲಿ ಏಳು ಒಂದುಗಳವರೆಗೆ, ನಮ್ಮ ದಶಮಾನದಲ್ಲಿ ಒಂಬತ್ತು ಒಂದುಗಳವರೆಗೆ, ಕಾರ್ಲ್ ದೊರೆಯ ಮಾನದಲ್ಲಿ 63 ಒಂದುಗಳವರೆಗೆ ಹಾರ ಕಡಿಯದೆ ಬೆಳೆಯುತ್ತದೆ.

ಆದರೆ ಗಮನಿಸಿ. ಅಷ್ಟಮಾನದ 111111 ನಮ್ಮ ಲೆಕ್ಕದಲ್ಲಿ 37449. ಅದರ ವರ್ಗ 1,40,24,27,601. ಅಲ್ಲಿ ಹಾರವಾಗಿ ಹೊಳೆದದ್ದು ಇಲ್ಲಿ ಬರಿಯ ಅಂಕಿಗಳ ಸಾಲು. ಇನ್ನೂ ಒಂದು ಸೂಕ್ಷ್ಮವಿದೆ. ಆಚಾರ್ಯನು ಹಾರವನ್ನು 441 ಮತ್ತು 27994681 ಎಂದು ಬಿಡಿಸಿದ್ದಾನೆ. ಇವು 21 ಮತ್ತು 5291ರ ವರ್ಗಗಳು. ದಶಮಾನದ 111111 ಈ ಎರಡರ ಗುಣಲಬ್ಧ. ಅಷ್ಟಮಾನದ 111111ರ ಅಪವರ್ತನಗಳು 27, 19 ಮತ್ತು 73; ಅದು 21ರಿಂದ ಭಾಗವಾಗುವುದಿಲ್ಲ. ಹಾರದ ಆಕಾರ ಎಲ್ಲ ತಳಹದಿಗಳಿಗೂ ಸಾಮಾನ್ಯ. ಅದನ್ನು ಪೋಣಿಸಿದ ದಾರ ಮಾತ್ರ ಹತ್ತಕ್ಕೆ ಸೇರಿದ್ದು. ಏಳರಿಂದ ಗುಣಿಸಿ ಪಡೆದ 1000000001 ಹಾರವಂತೂ ಅಷ್ಟಮಾನದಲ್ಲಿ ಏಳರ ಗುಣಕವೇ ಆಗಿ ಉಳಿಯುವುದಿಲ್ಲ. ಅದಕ್ಕೆ ಪ್ರತಿಯಾಗಿ ಆಚಾರ್ಯನ 73ಕ್ಕೆ ಅಲ್ಲಿ ಹೊಸ ಭಾಗ್ಯ ಒದಗುತ್ತದೆ. 73 ಎಂದರೆ 64, 8 ಮತ್ತು 1ರ ಮೊತ್ತ. ಅಷ್ಟಮಾನದಲ್ಲಿ ಅದು 111, ತಾನೇ ಒಂದು ಪುಟ್ಟ ಹಾರ.

ಒಂಬತ್ತರ ಪರೀಕ್ಷೆಯನ್ನೂ ಹೀಗೆಯೇ ನೋಡಬಹುದು. ಅಂಕಿಗಳ ಮೊತ್ತ ಒಂಬತ್ತರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಒಂಬತ್ತರ ಮಹಿಮೆಯಲ್ಲ. ತಳಹದಿಗಿಂತ ಒಂದು ಕಡಿಮೆಯಿರುವ ಸಂಖ್ಯೆಗೆ ಎಲ್ಲೆಡೆಯೂ ದೊರೆಯುವ ಪದವಿ. ಅಷ್ಟಮಾನದಲ್ಲಿ ಆ ಪದವಿ ಏಳಕ್ಕೆ. ಉದಾಹರಣೆಗೆ ದೊರೆ ಮಡಿದ 1718 ಅಷ್ಟಮಾನದಲ್ಲಿ 3266. ಅಂಕಿಗಳ ಮೊತ್ತ ಹದಿನೇಳು. ಏಳರಿಂದ ಭಾಗಿಸಿದರೆ ಶೇಷ ಮೂರು. 1718ನ್ನೇ ಏಳರಿಂದ ಭಾಗಿಸಿದರೂ ಶೇಷ ಮೂರೇ. 64ರ ಮಾನದಲ್ಲಿ ಈ ಪದವಿ 63ಕ್ಕೆ. ಏಳೂ ಒಂಬತ್ತೂ ಅದರ ಅಪವರ್ತನಗಳಾದ್ದರಿಂದ ಒಂದೇ ಕೂಡಿಕೆಯಿಂದ ಎರಡನ್ನೂ ಪರೀಕ್ಷಿಸಬಹುದಿತ್ತು.

ಸಿರಿಭೂವಲಯದ ಅರವತ್ತನಾಲ್ಕು

ಅರವತ್ತನಾಲ್ಕು ಎಂದಾಗ ಕನ್ನಡಿಗರಿಗೆ ನೆನಪಾಗಬೇಕಾದ ಕೃತಿ ಕುಮುದೇಂದು ಮುನಿಯ 'ಸಿರಿಭೂವಲಯ'. ಇದರಲ್ಲಿ ಅಕ್ಷರಗಳೇ ಇಲ್ಲ. ಪ್ರತಿ ಪುಟವೂ ಇಪ್ಪತ್ತೇಳು ಸಾಲು, ಇಪ್ಪತ್ತೇಳು ಕಂಬಗಳ ಒಂದು ಚಕ್ರ. ಅದರ 729 ಮನೆಗಳಲ್ಲಿ ಒಂದರಿಂದ ಅರವತ್ತನಾಲ್ಕರವರೆಗಿನ ಅಂಕಿಗಳು. ಒಂದೊಂದು ಅಂಕಿಯೂ ಒಂದು ಧ್ವನಿಯ ಗುರುತು. ಹ್ರಸ್ವ, ದೀರ್ಘ, ಪ್ಲುತ ಭೇದದಿಂದ ಇಪ್ಪತ್ತೇಳು ಸ್ವರಗಳು, ಮೂವತ್ತಮೂರು ವ್ಯಂಜನಗಳು, ನಾಲ್ಕು ಯೋಗವಾಹಗಳು, ಒಟ್ಟು ಅರವತ್ತನಾಲ್ಕು. ನಿಗದಿತ ಬಂಧದಲ್ಲಿ ಮನೆಯಿಂದ ಮನೆಗೆ ಚಲಿಸಿದರೆ ಕನ್ನಡದ ಸಾಂಗತ್ಯ ಪದ್ಯಗಳು ಮೂಡುತ್ತವೆ. ಯಲ್ಲಪ್ಪ ಶಾಸ್ತ್ರಿಗಳು ಕಾಪಾಡಿದ ಈ ಕೃತಿಯ ಭಾಗವನ್ನು ಕರ್ಲಮಂಗಲಂ ಶ್ರೀಕಂಠಯ್ಯನವರು 1953ರಲ್ಲಿ ಬೆಳಕಿಗೆ ತಂದರು.

ಇಲ್ಲಿ ಎರಡು ಎಚ್ಚರಗಳು ಅಗತ್ಯ. ಮೊದಲನೆಯದಾಗಿ, ಕುಮುದೇಂದುವಿನ ಅರವತ್ತನಾಲ್ಕು ಕಾರ್ಲ್ ದೊರೆಯ ಅರವತ್ತನಾಲ್ಕಲ್ಲ. ದೊರೆಯದು ಸ್ಥಾನಬೆಲೆಯ ತಳಹದಿ. ಮುನಿಯದು ಧ್ವನಿಗಳಿಗೆ ಕೊಟ್ಟ ಕ್ರಮಾಂಕ. ಒಂದು ಎಣಿಕೆ, ಇನ್ನೊಂದು ಲಿಪಿ. ಎರಡನೆಯದಾಗಿ, ಕೃತಿಯ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಒಂಬತ್ತನೆಯ ಶತಮಾನದ್ದೆಂದು ಹೇಳುವವರೂ, ಅದಕ್ಕೆ ಎಷ್ಟೋ ಈಚಿನದೆಂದು ಹೇಳುವವರೂ ಇದ್ದಾರೆ. ಜಗತ್ತಿನ ಸಕಲ ಭಾಷೆಗಳೂ ವಿಜ್ಞಾನಗಳೂ ಅದರಲ್ಲಿ ಅಡಗಿವೆ ಎಂಬ ಮಾತು ಪ್ರಮಾಣಿತವಲ್ಲ. ಪರದೇಶದಲ್ಲಿರುವ ನಮಗೆ ಇಂತಹ ಮಾತುಗಳ ಆಕರ್ಷಣೆ ಹೆಚ್ಚು. ಆದರೆ ಮಕ್ಕಳು ನಾಳೆ ಪ್ರಮಾಣ ಕೇಳಿದಾಗ ನಾವು ತಡವರಿಸಿದರೆ, ಅವರು ಸುಳ್ಳನ್ನಷ್ಟೇ ಅಲ್ಲ, ಅದರೊಡನೆ ನಿಜವನ್ನೂ ಬಿಟ್ಟುಬಿಡುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. ಚಕ್ರದ ಮನೆಗಳು 729. ಅಷ್ಟಮಾನದಲ್ಲಿ ಇದು 1331. ಸ್ವೀಡನ್‌ಬೋರ್ಗನ ಅಕ್ಷರಗಳಲ್ಲಿ ಲ್, ನ್, ನ್, ಲ್. ಮಹಾವೀರಾಚಾರ್ಯನು ಮೆಚ್ಚುವಂತಹ ಹಾರ! ಮುನಿಗೆ ಅಷ್ಟಮಾನ ಗೊತ್ತಿತ್ತೆಂದು ಇದರಿಂದ ಸಾರಬಹುದೆ? ಕೂಡದು. 729 ಒಂಬತ್ತರ ಘನ. ಒಂಬತ್ತು ಎಂಟಕ್ಕಿಂತ ಒಂದು ಹೆಚ್ಚು, ಆದ್ದರಿಂದ ಅಷ್ಟಮಾನದಲ್ಲಿ ಅದು 11. ಮೂರಕ್ಕಿಂತ ದೊಡ್ಡದಾದ ಯಾವ ತಳಹದಿಯಲ್ಲಾದರೂ 11ರ ಘನ 1331 ಎಂದೇ ಬರೆಯಲ್ಪಡುತ್ತದೆ. ಸೌಂದರ್ಯ ನಿಜ, ಅದರ ಕಾರಣವೂ ಸ್ಪಷ್ಟ. ಪವಾಡದ ಅಗತ್ಯವಿಲ್ಲ.

ದೊರೆಯ ಮರುಹುಟ್ಟು

ಯೋಜನೆ ಸತ್ತಿತೆಂದು ಹೇಳಿದೆನಷ್ಟೆ? ಅದು ಗಣಕಯಂತ್ರದಲ್ಲಿ ಮರುಹುಟ್ಟು ಪಡೆಯಿತು. ಕಿಸ್ಟಾದ ಕಚೇರಿಗಳಲ್ಲಿ ದುಡಿಯುವ ನಿಮ್ಮಲ್ಲಿ ಹಲವರಿಗೆ ದ್ವಿಮಾನ, ಅಷ್ಟಮಾನ, ಷೋಡಶಮಾನಗಳು ದಿನನಿತ್ಯದ ಸಂಗಾತಿಗಳು. ಯಂತ್ರಕ್ಕೆ ಹತ್ತು ಬೆರಳುಗಳಿಲ್ಲ. ಅದಕ್ಕೆ ಗೊತ್ತಿರುವುದು ಇದೆ, ಇಲ್ಲ ಎಂಬ ಎರಡೇ ಸ್ಥಿತಿಗಳು. ಮೂರು ದ್ವಿಮಾನ ಅಂಕಿಗಳನ್ನು ಕೂಡಿಸಿದರೆ ಒಂದು ಅಷ್ಟಮಾನ ಅಂಕಿ. ಆರನ್ನು ಕೂಡಿಸಿದರೆ 64ರ ಮಾನದ ಒಂದು ಅಂಕಿ.

ಈ ಕೊನೆಯದೂ ಬಳಕೆಯಲ್ಲಿದೆ. ಮಿಂಚಂಚೆಯಲ್ಲಿ ಊರಿನಿಂದ ಮದುವೆಯ ಛಾಯಾಚಿತ್ರ ಬಂದಾಗ ಅದು ಸಾಮಾನ್ಯವಾಗಿ ಅರವತ್ತನಾಲ್ಕು ಚಿಹ್ನೆಗಳ ಸಾಲಾಗಿ ಪ್ರಯಾಣ ಮಾಡಿರುತ್ತದೆ. ರೋಮನ್ ಲಿಪಿಯ 26 ದೊಡ್ಡಕ್ಷರಗಳು, 26 ಸಣ್ಣಕ್ಷರಗಳು, ಹತ್ತು ಅಂಕಿಗಳು, ಕೂಡುವ ಚಿಹ್ನೆ, ಓರೆಗೆರೆ; ಒಟ್ಟು ಅರವತ್ತನಾಲ್ಕು. 1992ರ ಹೊತ್ತಿಗೆ ಈ ಕ್ರಮ ಮಿಂಚಂಚೆಯ ನಿಯಮಗಳಲ್ಲಿ ಸೇರಿತು. ಸಾಮಾನ್ಯರಿಗೆ ಕಷ್ಟವೆಂದು ಸ್ವೀಡನ್‌ಬೋರ್ಗ್ ಕೈಬಿಟ್ಟದ್ದನ್ನು ಯಂತ್ರ ಎತ್ತಿಕೊಂಡಿತು.

ತಳಹದಿಯನ್ನು ಮರೆತರೆ ಅಪಾಯವೂ ಉಂಟು. ನಮಗೆ 0.1 ಎಂದು ಸುಲಭವಾಗಿ ಬರುವ ಹತ್ತರ ಒಂದು ಪಾಲು ದ್ವಿಮಾನದಲ್ಲಿ ಮುಗಿಯದ ಆವರ್ತಕ ಭಿನ್ನ; ಯಂತ್ರ ಅದನ್ನು ಎಲ್ಲೋ ಕತ್ತರಿಸಲೇಬೇಕು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನಿನಲ್ಲಿ, ಸುಮಾರು ನೂರು ಗಂಟೆ ಸತತವಾಗಿ ನಡೆದಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಕಾಲಗಣನೆ ಇದೇ ಕತ್ತರಿಕೆಯಿಂದ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಪ್ಪಿ, ಎದುರಿನ ಕ್ಷಿಪಣಿಯನ್ನು ತಡೆಯಲಾಗದೆ 28 ಸೈನಿಕರು ಮಡಿದರು. ದಶಮಾನದ ಅರ್ಥವನ್ನು ದ್ವಿಮಾನಕ್ಕೆ ದಾಟಿಸುವಾಗ ಉದುರಿಹೋದ ಒಂದು ಚೂರಿಗೆ ತೆತ್ತ ಬೆಲೆಯಿದು.

ಬಂಧುಗಳೆ, ಒಂದು ಮಾನದಿಂದ ಇನ್ನೊಂದಕ್ಕೆ ದಾಟಿಸುವ ಕಷ್ಟ ನಮ್ಮ ಮನೆಗಳಿಗೆ ಹೊಸದಲ್ಲ. ನಮ್ಮ ಮಕ್ಕಳು ಒಂದು ಭಾಷೆಯಲ್ಲಿ ಮಗ್ಗಿ ಕಲಿತು ಇನ್ನೊಂದರಲ್ಲಿ ಅಜ್ಜಿಗೆ ಒಪ್ಪಿಸುತ್ತಾರೆ. ಏಳೆಂಟಲ ಐವತ್ತಾರು ಎಂಬುದು ಸ್ವೀಡಿಷಿನಲ್ಲಿಯೂ ನಿಜ. ಆದರೆ ಆ ಮಾತಿನ ಲಯ ಕನ್ನಡದ್ದು. ಮಹಾವೀರಾಚಾರ್ಯನ ಹಾರಗಳು ಕಲಿಸುವುದೂ ಇದನ್ನೇ. ಕೆಲವು ಗುಣಗಳು ಸಂಖ್ಯೆಗೆ ಸೇರಿದವು, ಎಲ್ಲಿಗೆ ಹೋದರೂ ಜೊತೆಗೆ ಬರುತ್ತವೆ. ಕೆಲವು ಬರಹಕ್ಕೆ ಸೇರಿದವು. ಬರಹ ಬಿಟ್ಟರೆ ಅವೂ ಹೋಗುತ್ತವೆ. ಮೊದಲನೆಯದನ್ನು ಯಾರೂ ಕಾಯಬೇಕಾಗಿಲ್ಲ. ಎರಡನೆಯದನ್ನು ನಾವೇ ಕಾಯಬೇಕು.

ಆದ್ದರಿಂದ ಈ ವಾರ ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು 27994681ನ್ನು 441ರಿಂದ ಕೈಯಲ್ಲೇ ಗುಣಿಸಿರೆಂದು ಹೇಳಿ. ಉತ್ತರ ಬಂದ ಮೇಲೆ ನೃಪತುಂಗನ ಕಾಲದ ಆಚಾರ್ಯನ ಹೆಸರು ಹೇಳಿ. ಮುಂದಿನ ಬಾರಿ ಕುಂಗ್ಸ್‌ಟ್ರೇಡ್‌ಗೋರ್ಡನ್‌ಗೆ ಹೋದಾಗ, ಪ್ರತಿಮೆಯ ದೊರೆ ಇಡೀ ದೇಶವನ್ನು ಅರವತ್ತನಾಲ್ಕರಲ್ಲಿ ಎಣಿಸಹೊರಟವನೆಂದೂ, ನಮ್ಮ ಊರಿನ ಅಂಗಡಿಗಳು ರೂಪಾಯಿಯನ್ನು ಅರವತ್ತನಾಲ್ಕು ಪೈಸೆಯಾಗಿ ಎಣಿಸುತ್ತಿದ್ದವೆಂದೂ ತಿಳಿಸಿ. ಎರಡೂ ನಿಜ, ಎರಡಕ್ಕೂ ಪ್ರಮಾಣವಿದೆ.